ದೊಡ್ಡ ಬಂದರಿನ ಕುರ್ಚಿ

ಕೋಡಿಯಳಿವೆ ಬಂದರಿನ ಸುಂಕದ ಅಧಿಕಾರಿ ಪಡಿಯಾರರಿಗೆ ಪಕ್ಕದ ಬಂದರಿನ ಅಧಿಕಾರಿ ಬಾಳಿಗರ ಹೆಸರು ಕೇಳಿದರೇ ಹೊಟ್ಟೆಯುರಿ. ಹೊರದೇಶಕ್ಕೆ ಹೋಗುವ ಮಾಲು ಅಲ್ಲೇ ಜಾಸ್ತಿ ಎಂದು ಸರ್ಕಾರದ ವರದಿಯಲ್ಲಿ ಅಚ್ಚಾಗಿತ್ತು.

ಗುಮಾಸ್ತನನ್ನು ಕರೆದರು. "ಈ ಸಲದ ಅಂಕಿಅಂಶದಲ್ಲಿ ನಾವು ಅವನಿಗಿಂತ ಮೇಲಿರಬೇಕು. ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತು ಅಂತ ತಿಳಿ."

ಸಂಜೆ ಗುಮಾಸ್ತ ಕಾಗದ ಹಿಡಿದು ಬಂದ. "ಹಂಚು, ಮೆಣಸು ಎಲ್ಲ ದುಪ್ಪಟ್ಟು ಬರೆದಿದ್ದೇನೆ ಸ್ವಾಮಿ. ಇನ್ನು ನಮ್ಮದೇ ದೊಡ್ಡ ಬಂದರು."

ಪಡಿಯಾರರು ಮೀಸೆ ತಿರುವಿದರು. ಗುಮಾಸ್ತ ಮುಂದುವರಿಸಿದ.

"ದೊಡ್ಡ ಬಂದರಿಗೆ ಹಿರಿಯ ಅಧಿಕಾರಿಯನ್ನೇ ಹಾಕುವುದು ಇಲಾಖೆಯ ಪದ್ಧತಿಯಲ್ಲವೇ? ಹಿರಿಯರು ಅಂದರೆ ಬಾಳಿಗರೇ. ಅವರಿಗೆ ನಿಮ್ಮ ಈ ಕುರ್ಚಿಯೇ ಸಾಕೋ, ಹೊಸದು ಮಾಡಿಸಲೋ?"

ಪಡಿಯಾರರ ಕೈ ಮೀಸೆಯಲ್ಲೇ ನಿಂತಿತು. ಕಾಗದ ಕಿತ್ತುಕೊಂಡು ಹರಿದರು.

"ಇದ್ದದ್ದನ್ನು ಇದ್ದ ಹಾಗೆ ಬರಿ ಮಾರಾಯ. ಅವನು ದೊಡ್ಡವನಾಗಿ ಅಲ್ಲೇ ಕೊಳೆಯಲಿ."