ತೊಟ್ಟಿಲ ದಿನದ ಕಾಡಿಗೆ

“ಸರ್, ಎಂಟು ದಿನವಾಯಿತು, ಕೋಶಗಳು ಸತ್ತಿಲ್ಲ. ಇನ್ನೂ ಮೂರು ವಾರ ಯಾಕೆ ಕಾಯಬೇಕು?” ಎಂದು ಶಿಷ್ಯೆ ಶಿವಲೀಲಾ ಕೇಳಿದಳು.

ಮಕ್ಕಳ ಮುರಿದ ಮೂಳೆಗೆ ಹಾಕುವ ಸಲಾಕೆಗೆ ಇಂಗಾಲದ ನ್ಯಾನೋ ಕಣಗಳ ಲೇಪ ಕೊಡಬಹುದೇ ಎಂಬುದು ಅವಳ ಪರೀಕ್ಷೆ. ಅದಕ್ಕಾಗಿ ಆಕರಕೋಶಗಳನ್ನು, ಅಂದರೆ ಇನ್ನೂ ಏನೂ ಆಗಿರದ, ಮುಂದೆ ಮೂಳೆಯಾಗಬೇಕಾದ ಎಳೆಯ ಜೀವಕೋಶಗಳನ್ನು ಆ ಕಣಗಳ ಜೊತೆ ಬೆಳೆಸುತ್ತಿದ್ದಳು. ಆಸ್ಪತ್ರೆಯವರು ವರದಿಗೆ ಕಾದಿದ್ದರು. ಸತ್ತಿಲ್ಲ ಎಂಬ ಮಾತನ್ನು ಅವಳು ಬೆಳಗಿನಿಂದ ಹೇಳಿದ್ದು ಇದು ನಾಲ್ಕನೆಯ ಸಲ. ಗುರುಗಳಿಗೆ ಅವಳೆಂದರೆ ಮಮತೆ. ಅವಳ ಅವಸರವೆಂದರೆ ಅಲ್ಲ. ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಅಜ್ಜಿ ಕಾಡಿಗೆ ಮಾಡುತ್ತಿದ್ದಳು. ದೀಪದ ಮೇಲೆ ತಟ್ಟೆ ಕವುಚಿ, ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲಸುವಳು. ಊರಿನ ಕೂಸುಗಳಿಗೆಲ್ಲ ಅವಳದೇ ಕಾಡಿಗೆ. ಒಮ್ಮೆ ಒಬ್ಬ ವ್ಯಾಪಾರಿ ಹೊಸ ಮಸಿ ತಂದ. ಬೆರಳಿಗೆ ತಿಳಿಯದಷ್ಟು ನುಣುಪು. ಅಜ್ಜಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹತ್ತು ದಿನವಿತ್ತು. ಕೂಸಿಗೆ ಮೊದಲ ಕಾಡಿಗೆ ಇದರದ್ದೇ ಆಗಲಿ ಎಂದ.

ಅಜ್ಜಿ ಮೊದಲು ತನ್ನ ಕಣ್ಣಿಗೆ ಹಚ್ಚಿಕೊಂಡಳು. ಉರಿಯಲಿಲ್ಲ. ಆದರೆ ಐವತ್ತು ವರ್ಷ ಒಲೆಯ ಹೊಗೆ ತಿಂದ ಕಣ್ಣು ಅದು. ಅದರ ಸಾಕ್ಷಿ ಸಾಲದು ಎಂದುಕೊಂಡಳು. ಎರಡು ಬಟ್ಟಲಲ್ಲಿ ಹೆಸರುಕಾಳು ನೆನೆಹಾಕಿದಳು. ಒಂದಕ್ಕೆ ಬರಿಯ ನೀರು, ಇನ್ನೊಂದಕ್ಕೆ ಮಸಿ ಕದಡಿದ ನೀರು. ಮೂರನೆಯ ದಿನ ಎರಡರಲ್ಲೂ ಮೊಳಕೆ ಬಂತು. ಒಂದು ಕಾಳೂ ಸತ್ತಿಲ್ಲ ನೋಡು ಎಂದು ವ್ಯಾಪಾರಿ ಹಿಗ್ಗಿದ. ಅಜ್ಜಿ ಎರಡನ್ನೂ ಬೇರೆ ಬೇರೆ ಮಣ್ಣಿಗೆ ಹಾಕಿ, ಅದದೇ ನೀರು ಕೊಡುತ್ತಾ ಕಾದಳು.

ತೊಟ್ಟಿಲ ದಿನ ಬಂತು. ಬರಿಯ ನೀರಿನ ಕಾಳುಗಳು ಎರಡೆರಡು ಎಲೆ ಬಿಟ್ಟಿದ್ದವು. ಮಸಿ ನೀರಿನವು ಬದುಕಿದ್ದವು, ಎಲೆ ಬಿಟ್ಟಿರಲಿಲ್ಲ. ಅಜ್ಜಿ ಹೊಸ ಮಸಿಯನ್ನು ತಿಪ್ಪೆಗೆ ಸುರಿದಳು. ತನ್ನ ಕಾಡಿಗೆಯನ್ನೂ ಮುಟ್ಟಲಿಲ್ಲ. ಅದನ್ನು ಒಂದು ದಿನವೂ ಕಾಳಿಗೆ ಹಾಕಿ ನೋಡಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು. ಕಾಡಿಗೆ ಮಾಡುವವಳ ಮೊಮ್ಮಗಳಿಗೇ ಕಾಡಿಗೆಯಿಲ್ಲವೇ, ಕೂಸಿಗೆ ದೃಷ್ಟಿಯಾಗುತ್ತದೆ ಎಂದು ಬಂದ ಹೆಂಗಸರು ಗೊಣಗಿದರು. ಅಜ್ಜಿ ಕೂಸನ್ನು ಎದೆಗೆ ಅವಚಿಕೊಂಡಳು.

“ದೃಷ್ಟಿಯಾದ್ರೆ ಮೆಣಸಿನಕಾಯಿ ನಿವಾಳಿಸ್ತೀನಿ ಕಣ್ರವ್ವ. ಕಣ್ಣೇ ಹೋದ್ರೆ ಏನು ನಿವಾಳಿಸ್ಲಿ?”

ಕತೆ ಮುಗಿಸಿ ಗುರುಗಳು ಶಿಷ್ಯೆಯ ತಲೆ ಸವರಿದರು.

“ಸತ್ತಿಲ್ಲ ಅಂತ ನಾಲ್ಕು ಸಲ ಹೇಳಿದೆ ಮಗಳೇ, ಮೂಳೆಯಾದವು ಅಂತ ಒಂದು ಸಲವೂ ಹೇಳಲಿಲ್ಲವಲ್ಲ.”

ಶಿವಲೀಲಾ ಎದ್ದು ಹೋಗಿ, ಇನ್ನೂ ಮೂರು ವಾರ ಬೇಕೆಂದು ಆಸ್ಪತ್ರೆಯವರಿಗೆ ಬರೆದಳು.