ಅಲುಗದ ಕಂಬ

"ಕೂಲಿ ಒಂದು ದಿನ ತಡವಾಗಿಲ್ಲ. ನೂಲು ಒಮ್ಮೆಯೂ ಕಡಿಮೆ ಬಿದ್ದಿಲ್ಲ. ಆದರೂ ನೇಕಾರರೆಲ್ಲ ನನ್ನ ಮಗ್ಗ ಬಿಟ್ಟು ಪಕ್ಕದ ಊರಿನವನ ಹಿಂದೆ ಹೋದರು. ಅವನಿಗೆ ಮಗ್ಗದ ಮನೆ ನಡೆಸಲು ನೆಟ್ಟಗೆ ಬಾರದು. ನನ್ನ ತಪ್ಪೇನು, ಗುರುಗಳೇ?"

ನೀಲಕಂಠ ಕುದಿಯುತ್ತಿದ್ದ. ಹಬ್ಬ ಬರುವುದರೊಳಗೆ ಸೀರೆ ನೇಯಿಸಿ ಕೊಡದಿದ್ದರೆ ಅವನ ಮಗ್ಗದ ಮನೆಗೆ ಬೀಗ ಬೀಳುತ್ತಿತ್ತು. ಈಗ ಅಲ್ಲಿ ಒಂದು ಲಾಳಿಯೂ ಓಡುತ್ತಿರಲಿಲ್ಲ.

"ಶಿಸ್ತನ್ನೂ ಸಡಿಲ ಬಿಟ್ಟವನಲ್ಲ," ಎಂದ. "ನೇಕಾರರು ಬಿಟ್ಟುಹೋಗುವ ಹಿಂದಿನ ವಾರ ಅವರ ಹಿರಿಯ ನನ್ನ ಬಾಗಿಲಿಗೆ ಬಂದು ನಿಂತ. ಮಗ್ಗ ನಿಲ್ಲಿಸಿ ಇಲ್ಲೇನು ಕೆಲಸ ಎಂದು ಅಟ್ಟಿದೆ."

ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕ ಬಾವಿ ತೋಡಿಸುತ್ತಿದ್ದ. ಕೆಲಸ ನೋಡಿಕೊಳ್ಳಲು ಒಬ್ಬ ಮೇಸ್ತ್ರಿಯನ್ನು ಇಟ್ಟ. ಬಾವಿ ತೋಡುವ ಆ ಜನರಲ್ಲಿ ಒಂದು ಪದ್ಧತಿ. ಒಳಗೆ ಇಳಿಯುವವನ ಸೊಂಟಕ್ಕೆ ಹಗ್ಗ. ಅದರ ಇನ್ನೊಂದು ತುದಿ, ಇಳಿ ಎಂದು ಹೇಳಿದವನ ಸೊಂಟಕ್ಕೆ. ಮೇಸ್ತ್ರಿ ಬುದ್ಧಿವಂತ. ಮನುಷ್ಯನ ಸೊಂಟಕ್ಕಿಂತ ಕಂಬ ಗಟ್ಟಿ ಎಂದು ಕಲ್ಲುಕಂಬ ನೆಡಿಸಿ, ಹಗ್ಗವನ್ನು ಅದಕ್ಕೆ ಕಟ್ಟಿಸಿದ. ಯಾರು ಇಳಿಯಬೇಕು, ಮಣ್ಣು ಎಲ್ಲಿ ಸುರಿಯಬೇಕು, ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸಿದ.

ಒಂದು ದಿನ ಒಳಗೆ ಮಣ್ಣು ಕುಸಿಯಿತು. ಎದೆಯವರೆಗೆ ಹೂತವನು ಕೂಗಲು ಉಸಿರಿಲ್ಲದೆ ಹಗ್ಗ ಜಗ್ಗಿದ. ಮತ್ತೆ ಮತ್ತೆ ಜಗ್ಗಿದ. ಮೇಸ್ತ್ರಿ ಅತ್ತ ಬುಟ್ಟಿಗಳನ್ನು ಸಾಲಾಗಿ ಇಡಿಸುತ್ತಿದ್ದ. ಮಣ್ಣು ಹೊರುವ ಹೆಂಗಸೊಬ್ಬಳು ಹಗ್ಗ ನಡುಗುವುದನ್ನು ಕಂಡು ಬೊಬ್ಬೆ ಹಾಕಿದಳು. ಜೊತೆಗಾರರು ಇಳಿದು ಅವನನ್ನು ಮೇಲೆತ್ತಿದರು.

ಮರುದಿನ ಯಾರೂ ಇಳಿಯಲಿಲ್ಲ. ಮೇಸ್ತ್ರಿ ವರ್ತಕನನ್ನು ಕರೆತಂದ.

"ಇವರ ಸೊಕ್ಕು ನೋಡಿ, ಧಣಿ. ಹಗ್ಗ ಹರಿಯಲಿಲ್ಲ, ಕಂಬ ಅಲುಗಲಿಲ್ಲ. ನನ್ನ ತಪ್ಪೇನು?"

ಮಣ್ಣಿನಿಂದ ಎದ್ದು ಬಂದವನು ಹೇಳಿದ: "ಅಲುಗಲಿಲ್ಲ, ಹೌದು. ಅದೇ ನಮ್ಮ ದೂರು. ಇನ್ನು ಆ ಕಂಬವನ್ನೇ ಇಳಿಸಿ ತೋಡಿಸಿಕೊಳ್ಳಿ."

ಅವರು ಗುದ್ದಲಿ ಹೆಗಲಿಗೇರಿಸಿ ಹೊರಟುಹೋದರು. ಆ ಬಾವಿ ನೀರು ಕಾಣಲಿಲ್ಲ.

ಗುರುಗಳ ಕತೆ ಮುಗಿಯಿತು. ನೀಲಕಂಠನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅಲ್ಲಿ ಹಗ್ಗವಿತ್ತು, ಜಗ್ಗಿದ. ನನ್ನ ನೇಕಾರರು ಒಂದು ದಿನವಾದರೂ ನನ್ನ ಹತ್ತಿರ ಬಾಯಿಬಿಟ್ಟರೇ?"

ಗುರುಗಳು ಕೇಳಿದರು: "ಅಂದು ನಿನ್ನ ಬಾಗಿಲಿಗೆ ಬಂದು ನಿಂತ ಹಿರಿಯ ಏನು ಹೇಳಲು ಬಂದಿದ್ದ?"