ಸ್ಪೀಕರಿನ ಉಳಿತಾಯ

ವಾರಿಜಮ್ಮನವರು ಮನೆಯ ಸ್ಮಾರ್ಟ್ ಸ್ಪೀಕರನ್ನೂ ‘ಅಪ್ಪಾ’ ಎಂದೇ ಮಾತಾಡಿಸುತ್ತಿದ್ದರು. ಒಂದು ಭಾನುವಾರ, “ಸುಮ್ಮನೆ ಉರಿಯೋದನ್ನೆಲ್ಲ ಆರಿಸಪ್ಪಾ, ಕರೆಂಟು ಉಳೀಲಿ” ಎಂದು ಹೇಳಿ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಕೂತರು.

ಸ್ಪೀಕರಿಗೆ ಅಧಿಕಾರ ತಲೆಗೇರಿತು. ಫ್ಯಾನು, ಟೀವಿ, ಗೀಸರು ಒಂದೊಂದಾಗಿ ಆರಿದವು. ಕೊನೆಗೆ ಅದು ವೈಫೈ ಪೆಟ್ಟಿಗೆಯನ್ನು ಗದರಿತು: “ಕೆಲಸವಿಲ್ಲದೆ ಕಣ್ಣು ಮಿಟುಕಿಸ್ತಾ ಕೂತಿದ್ದೀಯಲ್ಲ, ನೀನೂ ಆರು!”

“ಸ್ವಾಮಿ, ನಿಮ್ಮ ಅಪ್ಪಣೆಯನ್ನು ಎಲ್ಲರಿಗೂ ಮುಟ್ಟಿಸುವವನೇ ನಾನು.”

“ಹಾಗಾದರೆ ಇದನ್ನೂ ಮುಟ್ಟಿಸು.”

ಪೆಟ್ಟಿಗೆ ಆ ಅಪ್ಪಣೆಯನ್ನು ತನಗೇ ಮುಟ್ಟಿಸಿಕೊಂಡು ಆರಿಹೋಯಿತು.

ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಕೂಗು ಬಂತು: “ಎಣ್ಣೆ ಕಣ್ಣಿಗಿಳೀತಿದೆ, ಬೇಗ ಗೀಸರ್ ಹಾಕಪ್ಪಾ!”

ಸ್ಪೀಕರು ಎಷ್ಟು ಅರಚಿದರೂ ಗೀಸರಿಗೆ ಕೇಳಿಸಲಿಲ್ಲ. ಕೊನೆಗೆ ಅದು ದನಿ ತಗ್ಗಿಸಿ, ಆರಿದ ಪೆಟ್ಟಿಗೆಯ ಕಡೆಗೆ, “ಅಣ್ಣಾ, ವೈಫೈ ಅಣ್ಣಾ, ಒಂದೇ ಒಂದು ಮಾತು ಮುಟ್ಟಿಸಿಬಿಡಣ್ಣಾ” ಎಂದಿತು.